ಅಳಿಯಾ, ಮೊದಲು ಇಳಿಯೋದು ಕಲಿ

ನಿನ್ನ ಮೊದಲ ಮೌಂಟನ್ ಬೈಕ್ ರೇಸ್‌ನ ಲೆಕ್ಕವನ್ನೆಲ್ಲ ಫೋನಿಗೆ ಕಳಿಸಿ ಕೆಳಗೆ ಒಂದೇ ಸಾಲು ಬರೆದಿದ್ದೀಯ. ‘41 ಜನರಲ್ಲಿ 29ನೇ ಜಾಗ. ಏರು ಹತ್ತೋದನ್ನ ಹೇಗೆ ಸುಧಾರಿಸ್ಕೊಳ್ಳಲಿ, ಮಾವ?’

ಊಟ ಆರ್ತಾ ಇದೆ ಅಂತ ನಿಮ್ಮತ್ತೆ ಮೂರು ಸಲ ಕೂಗಿದರೂ ಏಳದೆ ಅದನ್ನೇ ನೋಡ್ತಾ ಕೂತಿದ್ದೆ. ನಾಲ್ಕು ಲ್ಯಾಪ್. ಏರು ಶುರುವಾಗೋ ಬೇಲಿಯಿಂದ ಮೇಲಿನ ನೀರಿನ ಟ್ಯಾಂಕ್‌ವರೆಗೆ ನೀನು ತಗೊಂಡಿರೋ ಹೊತ್ತಿಗೂ ನಿನ್ನ ಮುಂದೆ ಬಂದ ಹತ್ತು ಜನ ತಗೊಂಡಿರೋ ಹೊತ್ತಿಗೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಟ್ಯಾಂಕ್‌ನಿಂದ ಕೆಳಗೆ ಕೆರೆ ಏರಿಗೆ ಬರೋ ಕಡೆ ಮಾತ್ರ ಪ್ರತಿ ಲ್ಯಾಪಲ್ಲೂ 20, 25 ಸೆಕೆಂಡು ಬಿಟ್ಟುಕೊಟ್ಟಿದ್ದೀಯ. ನಾಲ್ಕು ಲ್ಯಾಪಿಗೆ ಒಂದೂವರೆ ನಿಮಿಷ. ನಿನಗಿಂತ ಮುಂದಿರೋ ಒಂಬತ್ತು ಜನ ಆ ಒಂದೂವರೆ ನಿಮಿಷದ ಒಳಗೇ ಇದ್ದಾರೆ.

ಹತ್ತೋದು ನಿನಗೆ ಬರುತ್ತೆ ಕಣೋ. ವಯಸ್ಸು 26, ಎದೆಯಲ್ಲಿ ಉಸಿರಿದೆ, ತೊಡೆಯಲ್ಲಿ ಕಸುವಿದೆ. ಬರದೇ ಇರೋದು ಇಳಿಯೋದು.

ನಾನು ಈ ಚಟ ಹಚ್ಕೊಂಡಿದ್ದು 42ನೇ ವಯಸ್ಸಿನಲ್ಲಿ, ಬ್ಯಾಂಕಿನ ಕುರ್ಚಿ ಸೊಂಟಕ್ಕೆ ಅಂಟಿಕೊಂಡ ಮೇಲೆ. ಒಟ್ಟು 11 ಸೀಸನ್ ಓಡಿಸಿದೆ, ಎಲ್ಲ ಮಾಸ್ಟರ್ಸ್ ವಿಭಾಗದಲ್ಲಿ. ಅಂದರೆ ಬೊಜ್ಜು, ಬೋಳು, ಬೈಫೋಕಲ್ ಮೂರೂ ಇರೋರ ವಿಭಾಗ. ನನ್ನ ಅತ್ಯುತ್ತಮ ಜಾಗ ನಾಲ್ಕನೆಯದು. ಅವತ್ತು ಮೂರನೆಯವನ ಚೈನು ಕಿತ್ತುಹೋಗಿತ್ತು, ನಾನೇ ಮೂರನೆಯವನಾಗಬೇಕಿತ್ತು. ಆ ಪುಣ್ಯಾತ್ಮ ಸೈಕಲ್ ಹೆಗಲಿಗೆ ಹಾಕ್ಕೊಂಡು ಓಡಿಬಂದು ನನಗಿಂತ ಮೊದಲು ಗೆರೆ ದಾಟಿದ. ಇಂಥವನು ಹೇಳೋ ಮಾತು ಎಷ್ಟು ಕೇಳಬೇಕೋ ಅಷ್ಟು ಕೇಳು.

ಈ ಆಟ ಹುಟ್ಟಿದ್ದೇ ಇಳಿಜಾರಿನಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಅನ್ನೋ ಕಡೆ ಒಂದಷ್ಟು ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನ ಹುಡುಕಿ ತಂದು, ರಿಪೇರಿ ಮಾಡ್ಕೊಂಡು, ಗುಡ್ಡದ ಮಣ್ಣು ದಾರಿಯಲ್ಲಿ ಬಿಡ್ತಿದ್ದರು. ಸುಮಾರು 3 ಕಿಲೋಮೀಟರ್ ದಾರಿ, 400 ಮೀಟರ್ ಇಳಿತ. ಪೆಡಲನ್ನ ಹಿಂದಕ್ಕೆ ತುಳಿದರೆ ಹಿಡಿಯೋ ಬ್ರೇಕು, ಅದು ಇರೋದು ಹಿಂದಿನ ಚಕ್ರದ ಹಬ್ಬಿನೊಳಗೆ. ಕೆಳಗೆ ಬರೋ ಹೊತ್ತಿಗೆ ಒಳಗಿನ ಗ್ರೀಸು ಸುಟ್ಟು ಹೊಗೆ ಏಳ್ತಿತ್ತಂತೆ. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೆ ‘ರೀಪ್ಯಾಕ್’ ಅನ್ನೋ ಹೆಸರು ನಿಂತಿತು. 1976ರ ಅಕ್ಟೋಬರ್ 21ರಂದು ಅಲ್ಲಿ ಗಡಿಯಾರ ಹಿಡಿದು ಮೊದಲ ರೇಸ್ ನಡೆಸಿದಾಗ ಗೆದ್ದವನು ಆಲನ್ ಬಾಂಡ್ಸ್. ಹೇಗೆ ಗೆದ್ದ ಅಂತೀಯ? ಮಿಕ್ಕವರೆಲ್ಲ ಬಿದ್ದರು, ಅವನೊಬ್ಬ ಬೀಳಲಿಲ್ಲ.

ನೀನು ಓಡಿಸಿದಂಥ, ಏರೂ ಇಳಿತವೂ ಇರೋ ಕ್ರಾಸ್ ಕಂಟ್ರಿ ರೇಸ್ ಆಮೇಲೆ ಬೆಳೆದದ್ದು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಯಿತು, 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೂ ಬಂತು. ಈಗ ದೊಡ್ಡವರ ರೇಸ್ ಅಂದರೆ ಕೆಲವೇ ಕಿಲೋಮೀಟರಿನ ಒಂದು ಸುತ್ತು, ಅದನ್ನೇ ಮತ್ತೆ ಮತ್ತೆ ಸುತ್ತಿ ಸುಮಾರು ಒಂದೂವರೆ ಗಂಟೆ. ನಮ್ಮಂಥ ಹವ್ಯಾಸಿಗಳಿಗೆ ಅದರಲ್ಲಿ ಅರ್ಧವೋ ಮುಕ್ಕಾಲೋ. ಸುತ್ತು ಅಂದಮೇಲೆ ಎಷ್ಟು ಹತ್ತಿದೆಯೋ ಅಷ್ಟೂ ಇಳಿಯಲೇಬೇಕು. ಹತ್ತೋ ಕಡೆ ಗಂಟೆಗೆ ಒಂದು ಕಿಲೋಮೀಟರ್ ವೇಗ ಜಾಸ್ತಿ ಮಾಡ್ಕೊಳ್ಳೋಕೆ ಆರು ತಿಂಗಳು ಬೆವರು ಸುರಿಸಬೇಕು. ಇಳಿಯೋ ಕಡೆ ಅದನ್ನ ಎರಡು ಭಾನುವಾರದಲ್ಲಿ ಸಂಪಾದಿಸಬಹುದು. ಆದರೂ ಹುಡುಗರೆಲ್ಲ ನಂದಿ ಬೆಟ್ಟಕ್ಕೆ ಹೋಗ್ತಾರೆ, ಗೇಟಿನಿಂದ ತುದಿಗೆ ಎಷ್ಟು ನಿಮಿಷ ಅಂತ ಅಳೀತಾರೆ, ಟಾರು ರಸ್ತೆಯಲ್ಲಿ ಆರಾಮಾಗಿ ಇಳಿದುಬಂದು ಇಡ್ಲಿ ತಿಂತಾರೆ. ಇಡ್ಲಿ ಬೇಡ ಅಂತ ನಾನು ಹೇಳಲ್ಲ.

ಸರಿ, ಇಳಿಯೋ ಪಾಠ. ನೀನು ಕಳಿಸಿದ ವಿಡಿಯೊ ಅಲ್ಲಲ್ಲಿ ನಿಲ್ಲಿಸಿ ನೋಡಿದೆ. ಸೀಟು ಮೇಲೇ ಇದೆ, ನೀನು ಅದರ ಮೇಲೇ ಕೂತಿದ್ದೀಯ, ಕೈ ಎರಡೂ ಕೋಲಿನ ಹಾಗೆ ಸೆಟೆದಿವೆ, ಎರಡು ಬ್ರೇಕಿನ ಮೇಲೂ ಮೂರು ಮೂರು ಬೆರಳು. ಹ್ಯಾಂಡಲ್‌ನ ಎಡಗಡೆ ಆ ಪುಟ್ಟ ಲಿವರ್ ಇರೋದು ಯಾಕೆ? ಒತ್ತಿದರೆ ಸೀಟು ಸರ್ರಂತ ಕೆಳಗೆ ಹೋಗಲಿ ಅಂತ. ಅದಕ್ಕೆ ಅಷ್ಟು ದುಡ್ಡು ಕೊಟ್ಟಿದ್ದೀಯ, ಒತ್ತು. ಸೀಟು ಇಳಿದರೆ ನೀನೂ ಇಳೀತೀಯ, ಭಾರ ಚಕ್ರಗಳ ನಡುವೆ ಬರುತ್ತೆ. ಎರಡು ಪೆಡಲೂ ನೆಲಕ್ಕೆ ಸಮ ಇರಲಿ, ಒಂದು ಕೆಳಗೆ ಬಿಟ್ಟರೆ ಅದೇ ಹೋಗಿ ಕಲ್ಲಿಗೆ ಬಡಿಯುತ್ತೆ. ಮೊಣಕೈ ಹೊರಕ್ಕೆ, ಮಂಡಿ ಸಡಿಲ. ಬ್ರೇಕಿಗೆ ತೋರುಬೆರಳು ಒಂದೇ ಸಾಕು, ಅದು ಹೈಡ್ರಾಲಿಕ್ ಡಿಸ್ಕು, ನಮ್ಮ ಕಾಲದ ಅಟ್ಲಾಸ್ ಸೈಕಲ್ಲಿನ ಸರಳಿನ ಬ್ರೇಕ್ ಅಲ್ಲ. ಮಿಕ್ಕ ಬೆರಳು ಹಿಡಿ ಹಿಡ್ಕೊಂಡಿರಲಿ. ಮುಂದಿನ ಬ್ರೇಕಿಗೆ ಹೆದರಬೇಡ. ಸೈಕಲ್ ನಿಲ್ಲಿಸೋ ಕೆಲಸದಲ್ಲಿ ಹೆಚ್ಚಿನ ಪಾಲು ಅದರದ್ದೇ. ತಿರುವು ಬರೋದಕ್ಕೆ ಮುಂಚೆ ಹಿಡಿ, ತಿರುವಿನಲ್ಲಿ ಬಿಡು. ನೀನು ಮಾಡ್ತಿರೋದು ಉಲ್ಟಾ. ತಿರುವಿನೊಳಗೆ ಹೋಗಿ ಹೆದರಿ ಹಿಡೀತೀಯ, ಚಕ್ರ ಲಾಕ್ ಆಗುತ್ತೆ, ಸೈಕಲ್ ಜಾರಿ ಲಂಟಾನ ಪೊದೆಗೆ.

ಮತ್ತೆ ಕಣ್ಣು. ಐದು ವರ್ಷದವನಿದ್ದಾಗ ನಿನಗೆ ಸೈಕಲ್ ಕಲಿಸಿದ್ದು ನೆನಪಿದೆಯಾ? ಶಾಲೆ ಮೈದಾನ ಅಷ್ಟು ದೊಡ್ಡದು, ಅದರಲ್ಲಿ ಇದ್ದಿದ್ದು ಒಂದೇ ಒಂದು ಬಾವುಟದ ಕಂಬ. ‘ಕಂಬ, ಕಂಬ’ ಅಂತ ನಾನು ಸೀಟು ಹಿಡ್ಕೊಂಡು ಹಿಂದೆ ಓಡ್ತಿದ್ದೆ, ನೀನು ಅದನ್ನೇ ನೋಡ್ತಾ ನೆಟ್ಟಗೆ ಹೋಗಿ ಅದಕ್ಕೇ ಗುದ್ದಿದೆ. ತಪ್ಪು ನಂದು, ಕಂಬ ತೋರಿಸಿದ್ದು ನಾನೇ. ಈಗಲೂ ಅಷ್ಟೇ. ಕಲ್ಲಿನ ಮೇಲೆ ಕಣ್ಣಿಟ್ಟರೆ ಕಲ್ಲಿಗೇ ಹೋಗ್ತೀಯ. ಎರಡು ಕಲ್ಲಿನ ನಡುವಿನ ಮಣ್ಣು ನೋಡು, ಅದೂ ಚಕ್ರದ ಮುಂದಿನದಲ್ಲ, ಹತ್ತು ಹೆಜ್ಜೆ ಆಚೆಯದು.

ಇಳಿಸಬೇಕಾದ್ದು ಇನ್ನೊಂದಿದೆ, ಗಾಳಿ. ನೀನು ಟೈರಿಗೆ 35 ಪಿಎಸ್‌ಐ ತುಂಬಿದ್ದೆ ಅಂತ ಕೇಳಿ ನಗು ಬಂತು. ಕಲ್ಲಾಗಿರೋ ಟೈರು ಕಲ್ಲಿನ ಮೇಲೆ ಪುಟಿಯುತ್ತೆ, ಹಿಡಿಯಲ್ಲ. ನಿನ್ನ ತೂಕ 68 ಕೆಜಿ, ಟೈರು 2.3 ಇಂಚು ಅಗಲ, ಟ್ಯೂಬ್‌ಲೆಸ್. ಮುಂದೆ 20, ಹಿಂದೆ 22ರಿಂದ ಶುರು ಮಾಡು. ರಿಮ್ಮು ಕಲ್ಲಿಗೆ ತಾಗಿ ಟಣ್ ಅಂದರೆ ಒಂದು ಪಾಯಿಂಟ್ ಏರಿಸು, ಅನ್ನದಿದ್ದರೆ ಒಂದು ಪಾಯಿಂಟ್ ಇಳಿಸು. ಇದನ್ನ ರೇಸ್ ಬೆಳಗ್ಗೆ ಅಲ್ಲ, ತಿಂಗಳ ಮುಂಚೆ ಮಾಡಿ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡು. ಬೆರಳಲ್ಲಿ ಒತ್ತಿ ನೋಡಿ ಹೇಳ್ತೀನಿ ಅನ್ನೋರ ಮಾತು ನಂಬಬೇಡ, ನನ್ನನ್ನೂ ಸೇರಿಸಿ. ಗೇಜು ಇಟ್ಕೋ.

ತೂತು ಮುಚ್ಚೋಕೆ ಟೈರಿನೊಳಗೆ ಹಾಕೋ ಸೀಲಂಟ್ ಅನ್ನೋದು ಕೊನೆಗೂ ರಬ್ಬರಿನ ಹಾಲು, ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹಪ್ಪಳ ಆಗುತ್ತೆ. ಚಕ್ರ ಕಿವಿ ಹತ್ತಿರ ಹಿಡಿದು ಅಲ್ಲಾಡಿಸು. ಗುಳುಗುಳು ಸದ್ದು ಬರಬೇಕು. ಬರದಿದ್ದರೆ ನೆಗ್ಗಿಲು ಮುಳ್ಳಿಗೆ ನೀನು ಆಹಾರ. ಬಯಲುಸೀಮೆಯ ರೇಸ್‌ಗಳಲ್ಲಿ ಆ ಮುಳ್ಳು ಎಂಥೆಂಥವರನ್ನ ನಡೆಸಿದೆ ಅಂತ ನನಗೆ ಗೊತ್ತು. ಹೇಗೆ ಬಿದ್ದರೂ ಅದರ ಒಂದು ಕೊಂಬು ಮೇಲಕ್ಕೇ ನಿಲ್ಲುತ್ತೆ. ಬಳ್ಳಾರಿ ಜಾಲಿ ಮುಳ್ಳಾದರೆ ತೂತು ದೊಡ್ಡದು, ಅದಕ್ಕೆ ರಬ್ಬರ್ ಬತ್ತಿ ತುರುಕಬೇಕು. ಬತ್ತಿ ತುರುಕೋದನ್ನ ಮನೆಯಲ್ಲಿ ಹಳೇ ಟೈರಿನ ಮೇಲೆ ಐದಾರು ಸಲ ಮಾಡಿ ನೋಡಿರು.

ಇನ್ನು ಸೈಕಲ್‌ನಿಂದಲೇ ಇಳಿಯೋ ವಿಷಯ. ಇದನ್ನ ಹೇಳೋಕೆ ನನಗೆ ಈಗಲೂ ಎಡ ಭುಜ ಮುಟ್ಟಿ ನೋಡ್ಕೋಬೇಕು.

ನನ್ನ ಮೊದಲ ಸೀಸನ್‌ನ ಮೂರನೇ ರೇಸು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಸುತ್ತಿನ ಕೊನೆಗೆ ಒಂದು ಬಂಡೆ, ಅದರಿಂದ ಕೆಳಗೆ ಸೊಂಟದೆತ್ತರದ ಮೆಟ್ಟಿಲಿನಂಥ ಇಳಿತ. ಪಕ್ಕದಲ್ಲಿ ಸುತ್ತಿಬರೋ ಸುಲಭದ ದಾರಿಯೂ ಇತ್ತು, ಹತ್ತು ಸೆಕೆಂಡು ಜಾಸ್ತಿ ಹಿಡೀತಿತ್ತು. ಮೊದಲ ಎರಡು ಲ್ಯಾಪ್ ಸುಲಭದಲ್ಲೇ ಹೋದೆ. ಮೂರನೇ ಲ್ಯಾಪಿಗೆ ಬರ್ತೀನಿ, ಬಂಡೆ ಹತ್ತಿರ ನಮ್ಮ ಬ್ರಾಂಚಿನವರು ನಾಲ್ಕು ಜನ, ಜೊತೆಗೆ ನಿಮ್ಮತ್ತೆ, ಕೈಯಲ್ಲಿ ಕ್ಯಾಮೆರಾ. ಅವರ ಮುಂದೆ ಸುತ್ತು ದಾರಿಗೆ ತಿರುಗಿಸೋಕೆ ಮನಸ್ಸು ಬರಲಿಲ್ಲ. ಬಂಡೆ ಮೇಲೆ ಹೋದೆ. ತುದಿಗೆ ಬಂದಾಗ ಕೆಳಗಿನ ನೆಲ ಕಾಣಲಿಲ್ಲ, ಆಕಾಶ ಕಂಡಿತು, ಬ್ರೇಕ್ ಹಿಡಿದೆ. ಅಲ್ಲಿ ಹಿಡಿಯಬಾರದು. ಮುಂದಿನ ಚಕ್ರ ಕೆಳಗೆ ಹೋಗಿ ನಿಂತುಬಿಡ್ತು, ನಾನು ನಿಲ್ಲಲಿಲ್ಲ. ಒಣಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ನನ್ನದೇ ಕಾಲರ್ ಬೋನ್.

ಅವತ್ತು ರೇಸ್ ನಡೆಸಿದವರು ಆಂಬುಲೆನ್ಸ್ ಇಟ್ಟಿರಲಿಲ್ಲ. ‘ಬರುತ್ತೆ, ದಾರಿಯಲ್ಲಿದೆ’ ಅಂತ ಮುಕ್ಕಾಲು ಗಂಟೆ ಅಂದರು. ಕೊನೆಗೆ ಹಾಲಿನ ವ್ಯಾನಿನವನು ಕ್ಯಾನು ಸರಿಸಿ ಜಾಗ ಮಾಡಿಕೊಟ್ಟ. ಪ್ರತಿ ಗುಂಡಿಗೂ ಕ್ಯಾನುಗಳು ಢಣಢಣ, ಅದರ ಜೊತೆ ನಾನು ಅಯ್ಯೋ ಅಯ್ಯೋ. ಆರು ವಾರ ಕೈ ಕುತ್ತಿಗೆಗೆ ನೇತಾಡ್ತಿತ್ತು, ಬ್ಯಾಂಕಿನಲ್ಲಿ ಒಂದೇ ಕೈಯಲ್ಲಿ ನೋಟು ಎಣಿಸಿದೆ, ಸೀಸನ್ ಮುಗೀತು. ನಿಮ್ಮತ್ತೆ ತೆಗೆದ ಫೋಟೊದಲ್ಲಿ ಬಂಡೆಯ ತುದಿ, ಒಂದು ಚಕ್ರ, ನನ್ನ ಒಂದು ಶೂ ಅಷ್ಟೇ ಬಂದಿದೆ. ಆಲ್ಬಮ್ಮಿನಲ್ಲಿ ನಮ್ಮ ಮದುವೆ ಫೋಟೊ ಪಕ್ಕದಲ್ಲೇ ಅಂಟಿಸಿದ್ದಾಳೆ.

ಅದಕ್ಕೇ ಹೇಳೋದು, ಹೆಸರು ಕೊಡೋ ಮುಂಚೆ ಫೋನ್ ಮಾಡಿ ಆಂಬುಲೆನ್ಸ್ ಇದೆಯಾ, ಡಾಕ್ಟರ್ ಇದ್ದಾರಾ ಕೇಳು. ಟೀ ಶರ್ಟು, ಮೆಡಲ್ಲು, ಅದರ ದಾರದ ಬಣ್ಣ ಆಮೇಲೆ ಕೇಳಬಹುದು. ಹಿಂದಿನ ದಿನವೇ ಹೋಗಿ ದಾರಿಯನ್ನ ಒಂದು ಸಲ ಕಾಲಲ್ಲಿ ನಡೆ, ಎರಡು ಸಲ ನಿಧಾನಕ್ಕೆ ಓಡಿಸು. ಪ್ರತಿ ಕಷ್ಟದ ಜಾಗದಲ್ಲೂ ನಿಂತು, ಇಲ್ಲಿ ಓಡಿಸ್ತೀನಾ ಇಳಿದು ಹೋಗ್ತೀನಾ ಅಂತ ಆಗಲೇ ತೀರ್ಮಾನ ಮಾಡ್ಕೋ. ರೇಸಿನ ಹೊತ್ತಿನಲ್ಲಿ, ಎದೆಬಡಿತ 180ರ ಮೇಲಿರುವಾಗ, ಮಿದುಳು ಕೊಡೋ ತೀರ್ಮಾನ ನಂಬೋ ಹಾಗಿಲ್ಲ. ಹಿಂದಿನ ದಿನ ಇದ್ದದ್ದು ರೇಸಿನ ದಿನ ಇರುತ್ತೆ ಅಂತಲೂ ನಂಬಬೇಡ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅದು ನಡೆದದ್ದು 2021ರ ಜುಲೈನಲ್ಲಿ, ಮಾಥ್ಯೂ ವಾನ್ ಡೆರ್ ಪೂಲ್‌ನಂಥ ಘಟಾನುಘಟಿ ಮೊದಲ ಸುತ್ತಿನಲ್ಲೇ ಒಂದು ಬಂಡೆಯಿಂದ ಮುಗ್ಗರಿಸಿ ಬಿದ್ದ. ಅಭ್ಯಾಸದ ದಿನ ಅಲ್ಲಿ ಹಲಗೆ ಇಟ್ಟಿದ್ದರು, ರೇಸಿಗೆ ತೆಗೆದಿದ್ದರು, ಅದು ಇರುತ್ತೆ ಅಂದ್ಕೊಂಡೇ ಹೋದೆ ಅಂತ ಆಮೇಲೆ ಹೇಳಿದ. ಅವನ ಮಟ್ಟದವನೇ ಹಾಗೆ ಹೋದನಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ ಆಗಿದ್ದೂ ನಿಜ.

ಇಳಿದು ತಳ್ಳೋದು, ಹೊತ್ತು ಓಡೋದು ನಾಚಿಕೆ ಪಡೋ ವಿಷಯ ಅಲ್ಲ. ಅದನ್ನೂ ಅಭ್ಯಾಸ ಮಾಡಬೇಕು. ಬಲಗಾಲು ಹಿಂದಿನಿಂದ ತಂದು, ಎಡಗಾಲಿನ ಪಕ್ಕ ನಿಂತು, ಚಕ್ರ ಇನ್ನೂ ಉರುಳ್ತಿರುವಾಗಲೇ ಓಡೋಕೆ ಶುರು. ಪೇಪರ್ ಹಾಕೋ ಹುಡುಗರು ಗೇಟಿನ ಮುಂದೆ ಇಳೀತಾರಲ್ಲ, ಅದೇ. ನಿನ್ನ ಮುಂದಿನವನು ಕಡಿದಾದ ಏರಿನಲ್ಲಿ ಒಂದನೇ ಗೇರಿಗೆ ಹಾಕ್ಕೊಂಡು ಅಲ್ಲಾಡ್ತಾ ಇದ್ದರೆ ಅವನ ಹಿಂದೆ ನೀನೂ ಅಲ್ಲಾಡಬೇಡ. ಇಳಿದು ಪಕ್ಕದಲ್ಲಿ ಓಡಿಬಿಡು.

ಶುರುವಿನ ಬಗ್ಗೆಯೂ ಒಂದು ಮಾತು. ಕ್ರಾಸ್ ಕಂಟ್ರಿಯ ಮೊದಲ ಎರಡು ನಿಮಿಷ ಹುಚ್ಚರ ಸಂತೆ. ಒಬ್ಬರೇ ಹೋಗೋ ಕಿರುದಾರಿ ಶುರುವಾಗೋದರೊಳಗೆ ಮುಂದೆ ಸೇರ್ಕೋಬೇಕು ಅಂತ ಎಲ್ಲರೂ ನುಗ್ತಾರೆ. ನುಗ್ಗಲೇಬೇಕು, ಇಲ್ಲದಿದ್ದರೆ ಕಿರುದಾರಿ ಬಾಯಲ್ಲಿ ಪಡಿತರ ಅಂಗಡಿ ಸಾಲಿನ ಹಾಗೆ ನಿಲ್ತೀಯ. ಆದರೆ ಒಳಗೆ ಹೊಕ್ಕ ಮೇಲೆ ನಿನ್ನ ಲಯಕ್ಕೆ ಇಳಿ. ನಿನ್ನ ಎದೆಬಡಿತದ ಗೆರೆ ನೋಡಿದೆ. ಮೊದಲ ಲ್ಯಾಪ್ ಪೂರ್ತಿ ನೆತ್ತಿಯ ಮೇಲೆ, ಮೂರನೆಯದಕ್ಕೆ ಸತ್ತ ಹಾವಿನ ಹಾಗೆ ಕೆಳಗೆ. ಮೊದಲನೇ ಲ್ಯಾಪಿಗಿಂತ ಕೊನೇದು ಎರಡು ನಿಮಿಷ ಜಾಸ್ತಿ. ನಾಲ್ಕೂ ಲ್ಯಾಪ್ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರೋ ಹಾಗೆ ಓಡಿಸಿ ನೋಡು, ಮೂರನೇ ಲ್ಯಾಪಿನಲ್ಲಿ ಸುಸ್ತಾದವರನ್ನ ಒಬ್ಬೊಬ್ಬರನ್ನೇ ದಾಟ್ತೀಯ. ದಾಟುವಾಗ ‘ಬಲಗಡೆಯಿಂದ ಬರ್ತಿದ್ದೀನಿ’ ಅಂತ ಮುಂಚೆಯೇ ಕೂಗು. ಮುಂದಿನವರು ಒಂದು ಸುತ್ತು ಜಾಸ್ತಿ ಮುಗಿಸಿ ನಿನ್ನ ಹಿಂದೆ ಬಂದರೆ ಬದಿಗೆ ಸರಿದು ದಾರಿ ಬಿಡು. ದೊಡ್ಡ ರೇಸುಗಳಲ್ಲಿ 80 ಪರ್ಸೆಂಟ್ ರೂಲ್ ಅಂತ ಒಂದಿದೆ, ತೀರಾ ಹಿಂದೆ ಬಿದ್ದವರನ್ನ ಮುಂದಿನವರು ಬಂದು ದಾಟೋ ಮೊದಲೇ ದಾರಿಯಿಂದ ಹೊರಗೆ ಕರೀತಾರೆ. ನಿನಗೂ ಒಂದು ದಿನ ಸೀಟಿ ಊದ್ತಾರೆ. ಕಮಿಸೇರ್, ಅಂದರೆ ರೇಸಿನ ಅಧಿಕಾರಿಗಳ ಜೊತೆ ಜಗಳಕ್ಕೆ ಇಳೀಬೇಡ, ಅವರೂ ಬಿಸಿಲಲ್ಲಿ ನಿಂತಿರೋರೇ.

ಹಾಂ, ವಿಜಯಪುರದ ಹುಡುಗರ ಬಗ್ಗೆ ಕೇಳಿದ್ದೆ. ‘ಅವರು ಎಲ್ಲಿಂದ ಬರ್ತಾರೆ ಮಾವ, ಗಾಳಿ ಬಂದ ಹಾಗೆ ಹೋಗ್ತಾರೆ’ ಅಂತ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಅಂದರೆ ವಾರದ ಕೊನೆಯ ಖುಷಿ ಅಲ್ಲ. ಅಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್‌ಗಳಿವೆ. ಸಣ್ಣ ಸಣ್ಣ ಮಕ್ಕಳು ಅಲ್ಲಿ ಸೇರ್ಕೊಂಡು ಬೆಳಗಿನ ಜಾವಕ್ಕೆ ಎದ್ದು ಹೆದ್ದಾರಿ ಬದಿಯಲ್ಲಿ ಸಾಲಾಗಿ ಓಡಿಸ್ತಾರೆ. ಅದರ ಕೊನೆಗೆ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ಕೆಲಸ ಕಾಣ್ತಿರುತ್ತೆ. ಗದಗದ ಹತ್ತಿರ ರಾಷ್ಟ್ರೀಯ ಮಟ್ಟದ ಮೌಂಟನ್ ಬೈಕ್ ಸ್ಪರ್ಧೆಯೇ ನಡೆದಿದೆ. ನೀನು ಆಫೀಸಿನ ಒತ್ತಡ ಕಳೆಯೋಕೆ ಓಡಿಸ್ತೀಯ, ಅವರಿಗೆ ಅದು ಬದುಕು. ಅವರಿಗೆ ಸೋತರೆ ಬೇಜಾರು ಮಾಡ್ಕೊಳ್ಳೋದು ಒಂದು ಥರದ ಸೊಕ್ಕು. ರೇಸ್ ಮುಗಿದ ಮೇಲೆ ಅವರ ಪಕ್ಕ ಹೋಗಿ ಕೂತ್ಕೋ, ನಿನ್ನ ಅವಲಕ್ಕಿ ಕೊಡು, ಅವರ ರೊಟ್ಟಿ ಶೇಂಗಾ ಚಟ್ನಿ ತಗೋ. ಆ ತಿರುವು ಹೇಗೆ ತಗೊಂಡೆ ಅಂತ ಕೇಳು. ನನಗೆ ಬ್ರೇಕ್ ಬಿಡೋದು ಕಲಿಸಿದ್ದು ಹಾಗೆ ಸಿಕ್ಕಿದ ಒಬ್ಬ ಹದಿನಾರರ ಹುಡುಗ. ‘ಅಂಕಲ್, ಭಾಳ ಹಿಡೀಬ್ಯಾಡ್ರಿ, ಅದs ಹೊಕ್ಕೈತಿ’ ಅಂದ. ಹೌದು, ಅದೇ ಹೋಯಿತು.

ಸೀಸನ್‌ನ ಲೆಕ್ಕ ಹಾಕುವಾಗ ಕ್ಯಾಲೆಂಡರಿನಲ್ಲಿರೋ ಎಲ್ಲ ರೇಸಿಗೂ ಗುರುತು ಹಾಕಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಅಕ್ಟೋಬರಿಂದ ಮಾರ್ಚ್‌ಗೆ ಒಂಬತ್ತು. ಐದು ಸಾಕು. ಅದರಲ್ಲೂ ಮನಸ್ಸಿಟ್ಟು ಓಡಿಸೋದು ಎರಡೇ ಇರಲಿ, ಮಿಕ್ಕ ಮೂರು ಪಾಠಕ್ಕೆ. ಮೂರು ವಾರ ಗಟ್ಟಿಯಾಗಿ ಅಭ್ಯಾಸ ಮಾಡಿದರೆ ನಾಲ್ಕನೇ ವಾರ ಅರ್ಧಕ್ಕೆ ಇಳಿಸು. ಮೈಗೆ ಬಲ ಬರೋದು ಆ ವಾರದಲ್ಲೇ, ಉದ್ದಿನ ಹಿಟ್ಟು ಹುದುಗೋದು ರುಬ್ಬುವಾಗ ಅಲ್ಲವಲ್ಲ. ಜ್ವರ ಬಂದು ಬಿಟ್ಟ ವಾರ ರೇಸಿಗೆ ಹೋಗಲೇಬೇಡ, ಕಟ್ಟಿದ ಫೀಸು ಹೋದರೆ ಹೋಗಲಿ. ಜನವರಿಯಲ್ಲಿ ನಿನ್ನ ಅಕ್ಕನ ಗೃಹಪ್ರವೇಶ ಇದೆ. ಅವತ್ತಿನ ರೇಸಿನ ಗುರುತು ಅಳಿಸು. ‘ಬೆಳಗ್ಗೆ ರೇಸ್ ಮುಗಿಸಿ ಊಟಕ್ಕೆ ಬಂದುಬಿಡ್ತೀನಿ’ ಅನ್ನೋ ಮಾತು ನಾನೂ ಆಡಿ ನೋಡಿದ್ದೀನಿ. ಸತ್ಯನಾರಾಯಣ ಪೂಜೆಗೆ ಮೊಣಕಾಲು ತುಂಬ ಕೆಮ್ಮಣ್ಣು ಮೆತ್ಕೊಂಡು ಹೋದರೆ ಪ್ರಸಾದ ಕೊಡೋರ ಮುಖ ಹೇಗಿರುತ್ತೆ ಅಂತ ಕೇಳು, ಹೇಳ್ತೀನಿ.

ದುಡ್ಡಿನ ಮಾತು ಚಿಕ್ಕದಾಗಿ ಮುಗಿಸ್ತೀನಿ. ಕಾರ್ಬನ್ ಚಕ್ರದ ಆಸೆ ಈ ವರ್ಷ ಬಿಡು. ಟೈರು, ಬ್ರೇಕ್ ಪ್ಯಾಡು, ಚೈನು, ಈ ಮೂರಕ್ಕೆ ಖರ್ಚು ಮಾಡು. ಮಲೆನಾಡಿನ ಕೆಸರಿನಲ್ಲಿ ಮೆತ್ತನೆಯ ರೆಸಿನ್ ಪ್ಯಾಡು ಒಂದೇ ರೇಸಿಗೆ ಸವೆದು ಲೋಹ ಲೋಹಕ್ಕೆ ತಾಗಿದ್ದನ್ನ ನೋಡಿದ್ದೀನಿ, ಅಲ್ಲಿಗೆ ಹೋಗುವಾಗ ಸಿಂಟರ್ಡ್ ಹಾಕಿಸು. ಚೈನು ಹಿಗ್ಗಿದೆಯಾ ಅಂತ ನೋಡೋ ತಗಡಿನ ಗೇಜು ಬರುತ್ತೆ, ಅದು 0.5 ತೋರಿಸಿದ ದಿನ ಚೈನು ಬದಲಿಸು. ಜಿಪುಣತನ ಮಾಡಿದರೆ ಹಿಂದಿನ 12 ಹಲ್ಲುಚಕ್ರದ ಕ್ಯಾಸೆಟ್ಟೂ ತಿಂದುಹಾಕುತ್ತೆ, ಅದರ ಬೆಲೆ ನಿನಗೇ ಗೊತ್ತು.

ಮತ್ತೆ ಹ್ಯಾಂಗರ್. ಗೇರು ಬದಲಿಸೋ ಹಿಂದಿನ ಡೀರೇಲರ್ ಫ್ರೇಮಿಗೆ ನೇತುಬೀಳೋ ಕಡೆ ಹೆಬ್ಬೆರಳಿನಷ್ಟು ಒಂದು ಅಲ್ಯೂಮಿನಿಯಂ ತುಂಡು ಇರುತ್ತಲ್ಲ, ಅದು. ಬಿದ್ದಾಗ ಫ್ರೇಮ್ ಉಳೀಲಿ ಅಂತ ತಾನು ಮುರಿಯೋಕೇ ಹುಟ್ಟಿರೋದು. ಎಷ್ಟೋ ಕಂಪನಿಗಳ ಸೈಕಲ್ಲಿಗೆ ಒಂದೊಂದು ಆಕಾರ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ನನ್ನ ಏಳನೇ ಸೀಸನ್ನಿನಲ್ಲಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಮೇಲೆ ಯಾರದೋ ಈರುಳ್ಳಿ ಮೂಟೆ ಕೂತಿತ್ತು. ಬೆಳಗ್ಗೆ ಇಳಿಸಿಕೊಂಡಾಗ ಎಲ್ಲ ಸರಿಯಾಗೇ ಕಂಡಿತು. ಹ್ಯಾಂಗರ್ ಒಂದು ಕೂದಲೆಳೆಯಷ್ಟು ಒಳಕ್ಕೆ ಬಾಗಿದ್ದು ಗೊತ್ತಾಗಲಿಲ್ಲ. ಮೊದಲ ಏರಿನಲ್ಲಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದೆ ನೋಡು, ಡೀರೇಲರ್ ಹೋಗಿ ಕಡ್ಡಿಗಳ ನಡುವೆ ಸಿಕ್ಕಿ, ಹ್ಯಾಂಗರ್ ಪಟ್ಟಂತ ಎರಡು ತುಂಡು. 300 ಕಿಲೋಮೀಟರ್ ದೂರ ಹೋಗಿ 300 ಮೀಟರ್ ಓಡಿಸಿ ಬಂದೆ. ಅವತ್ತಿಂದ ಸೀಟಿನ ಕೆಳಗಿನ ಚೀಲದಲ್ಲಿ ಒಂದು, ಮನೆಯ ದೇವರ ಗೂಡಿನಲ್ಲಿ ಒಂದು ಇಟ್ಟಿದ್ದೀನಿ. ಬಸ್ಸಿನಲ್ಲಿ ಹೋಗುವಾಗ ಡೀರೇಲರ್ ಬಿಚ್ಚಿ, ಹಳೇ ಟವೆಲ್ ಸುತ್ತಿ, ಫ್ರೇಮಿನ ಒಳಗಡೆಗೆ ಕಟ್ಟಿಬಿಡು.

ಊಟ ತಿಂಡಿ ನಿಮ್ಮತ್ತೆಯ ಇಲಾಖೆ. ಅವಳು ಹೇಳಿದ್ದನ್ನ ಹಾಗೇ ಬರೀತೀನಿ. ಹಿಂದಿನ ರಾತ್ರಿ ಅನ್ನ ಸಾರು, ತುಪ್ಪ ಒಂದೇ ಚಮಚ. ರೇಸಿಗೆ ಮೂರು ಗಂಟೆ ಮುಂಚೆ ಅವಲಕ್ಕಿಯೋ ಉಪ್ಪಿಟ್ಟೋ, ಖಾರ ಕಮ್ಮಿ. ಸಾಗುವಾಗ ಅರ್ಧ ಗಂಟೆಗೊಂದು ಬಾಳೆಹಣ್ಣಿನ ತುಂಡು ಅಥವಾ ಕಡಲೆಮಿಠಾಯಿ, ನೀರಿಗೆ ಓಆರ್‌ಎಸ್. ಮುಗಿದ ಮೇಲೆ ಮಜ್ಜಿಗೆ. ಇದಕ್ಕೆ ನಾನು ಸೇರಿಸೋದು ಒಂದೇ. ಓಡಿಸ್ತಾ ಕಡಲೆಮಿಠಾಯಿ ಅಗಿದರೆ ನೆತ್ತಿಗೆ ಹತ್ತುತ್ತೆ, ಉಸಿರಿಗೆ ತ್ರಾಸು. ಬಾಳೆಹಣ್ಣೇ ವಾಸಿ.

ಅಭ್ಯಾಸ ಎಲ್ಲಿ ಮಾಡ್ತೀಯ ಅನ್ನೋದರ ಬಗ್ಗೆಯೂ ಸ್ವಲ್ಪ ಎಚ್ಚರ ಇರಲಿ. ನಾನು ಬಂಡೆ ಮೇಲೆ ಸೈಕಲ್ ಬಿಡೋದು ಕಲಿತಿದ್ದು ಕನಕಪುರ ರಸ್ತೆ ಪಕ್ಕದ ತುರಹಳ್ಳಿ ಗುಡ್ಡದಲ್ಲಿ. ಅದು ಕಾಡು, ನಮ್ಮ ಆಟದ ಮೈದಾನ ಅಲ್ಲ. ಅರಣ್ಯ ಇಲಾಖೆಯವರು ಬೇಡ ಅಂದ ಕಡೆ ಬೇಲಿ ನುಸುಳಬೇಡ, ಫೋನಿನಲ್ಲಿ ಯಾರೋ ಓಡಿಸಿದ ಗೆರೆ ಕಾಣುತ್ತೆ ಅನ್ನೋದು ಅನುಮತಿ ಅಲ್ಲ. ಮಲೆನಾಡಿನಲ್ಲಿ ತೋಟದವರನ್ನ ಕೇಳಿಯೇ ಒಳಗೆ ಹೋಗು. ಡಿಸೆಂಬರ್ ನಂತರ ಕಣದಲ್ಲಿ ಕಾಫಿ ಹರವಿರ್ತಾರೆ, ಅದರ ಮೇಲೆ ಚಕ್ರ ಹಾಯಿಸಿದರೆ ಆ ಊರಿನಲ್ಲಿ ಇನ್ನೊಂದು ರೇಸ್ ಆಗಲ್ಲ, ಆಗಬಾರದು ಕೂಡ. ಸಕಲೇಶಪುರ, ಆಲೂರಿನ ಕಡೆ ನಸುಕಿನಲ್ಲಿ ಒಬ್ಬನೇ ಹೋಗಬೇಡ. ಆನೆ ಇಳಿಜಾರಿನಲ್ಲಿ ನಿನಗಿಂತ ನಿಧಾನ ಅಂತ ಯಾರೋ ಹೇಳಿದರಂತೆ. ಹೇಳಿದವನು ಪರೀಕ್ಷೆ ಮಾಡಿ ನೋಡಿರಲಿಕ್ಕಿಲ್ಲ.

ಮುಂದಿನ ರೇಸಿಗೆ ಇನ್ನೂ ಮೂರು ವಾರ ಇದೆ. ಈ ಭಾನುವಾರ ಬೆಳಗ್ಗೆ ಏಳಕ್ಕೆ ಇಲ್ಲಿಗೆ ಬಾ. ನಮ್ಮ ಬಡಾವಣೆ ಹಿಂದೆ ಪಾರ್ಕಿನ ಮೆಟ್ಟಿಲುಗಳಿವೆಯಲ್ಲ, ಆರು ಮೆಟ್ಟಿಲು, ಎರಡೂ ಕಡೆ ಹುಲ್ಲು. ವಾಕಿಂಗ್‌ನವರು ಮನೆಗೆ ಹೋದ ಮೇಲೆ ಅಲ್ಲೇ ಶುರು ಮಾಡೋಣ, ಸೀಟು ಇಳಿಸಿ, ಒಂದೇ ಬೆರಳಲ್ಲಿ. ನಾನು ಈ ಸಲ ಕಂಬ ಗಿಂಬ ತೋರಿಸಲ್ಲ. ಅತ್ತೆ ಅಕ್ಕಿರೊಟ್ಟಿ ಮಾಡ್ತಾಳಂತೆ. ಬರುವಾಗ 15ರ ಪೆಡಲ್ ಸ್ಪ್ಯಾನರ್ ತಗೊಂಡು ಬಾ, ನನ್ನದನ್ನ ಎದುರುಮನೆಯವರು ಯುಗಾದಿಗೆ ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ.